ಡ್ರೈವರ್ ಸೀಟಿಗೆ ಹೆದರಿದ ಟ್ಯಾಂಕ್ ಕಮಾಂಡರ್

ಪದಕ ತಂದವನಿಗೆ ಊರಲ್ಲಿ ಮರ್ಯಾದೆ ಜಾಸ್ತಿ. ಮರ್ಯಾದೆ ಜಾಸ್ತಿಯಾದಷ್ಟೂ ಪಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ. ನಾನು ಸೈನ್ಯದಿಂದ ರಿಟೈರಾಗಿ ಚಾಮರಾಜನಗರಕ್ಕೆ ಬಂದಾಗಿನಿಂದ ಅವು ನನಗೆ ಬಿಡುವೇ ಕೊಟ್ಟಿಲ್ಲ.

ನಾನು ಟ್ಯಾಂಕ್ ಕಮಾಂಡರ್ ಆಗಿದ್ದವನು. ಹೊತ್ತಿಕೊಂಡ ಟ್ಯಾಂಕಿನೊಳಗಿಂದ ನನ್ನ ಹುಡುಗರನ್ನು ಹೊರಗೆಳೆದಿದ್ದಕ್ಕೆ ಪದಕ ಬಂತು. ಅದೆಲ್ಲ ನಿಜ. ಆದರೆ ಟ್ಯಾಂಕನ್ನು ಕಮಾಂಡರ್ ಓಡಿಸುವುದಿಲ್ಲ. ಓಡಿಸುವವನು ಕೆಳಗೆ ಕೂತಿರುತ್ತಾನೆ, ಅವನಿಗೆ ಹೊರಗಿನದು ಅಷ್ಟಾಗಿ ಕಾಣಿಸುವುದಿಲ್ಲ. ಕಮಾಂಡರ್ ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ ನಿಂತು, ‘ಡ್ರೈವರ್, ಲೆಫ್ಟ್’, ‘ಡ್ರೈವರ್, ಹಾಲ್ಟ್’ ಎಂದು ಹೇಳುತ್ತಾನೆ. ನಾನು ಗುಂಡು ಹಾರಿಸುವ ಕೆಲಸದಿಂದ ಸೀದಾ ಆ ಜಾಗಕ್ಕೆ ಹತ್ತಿದವನು. ಜೀವಮಾನದಲ್ಲಿ ಮೊಪೆಡ್ಡನ್ನೂ ಓಡಿಸಿಲ್ಲ. ಇದು ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಊರಿಗೆ ಗೊತ್ತಾದರೆ ನನ್ನ ಮಾನ ಉಳಿಯುತ್ತದೆಯೇ?

ಮಿಲಿಟರಿ ಪದ್ಧತಿ

ಎಲ್ಲರೂ ಹೇಳಿದರೆಂದು ಒಂದು ಹಳೇ ಕಾರು ಕೊಂಡೆ. ಮಾರಿದವನೇ ತಂದು ಮನೆ ಮುಂದೆ ನಿಲ್ಲಿಸಿ ಹೋದ. ಅದು ಅಲ್ಲೇ ನಿಂತಿತು.

ಹೆಂಡತಿ ಹರವೆ ಕಡೆಯವಳು. “ಅಪ್ಪನ ಮನೇಲಿ ಟ್ರ್ಯಾಕ್ಟರ್ ಓಡ್ಸ್ದೋಳು ನಾನು. ಇದ್ನೂ ನಾನೇ ಓಡುಸ್ಲಾ?” ಅಂದಳು.

“ಪದಕ ತಗೊಂಡೋನು ಪಕ್ಕದಲ್ಲಿ ಕೂತ್ಕೊಳ್ಳೋದಾ? ಸುಮ್ನಿರು,” ಅಂದೆ.

ದಿನಾ ಬೆಳಿಗ್ಗೆ ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಗುರ್ ಎನ್ನಿಸಿ, ಆಫ್ ಮಾಡಿ ಇಳಿಯುತ್ತಿದ್ದೆ. ಪಕ್ಕದ ಮನೆಯಲ್ಲಿ ಮಂಚ, ಬೀರು ಮಾಡುವ ಭಾಯ್ ಇದ್ದಾರೆ. ಅವರು ಕಾಂಪೌಂಡ್ ಆಚೆಯಿಂದ, “ಇದ್ಯಾಕೆ ಸಾಬ್, ದಿನಾ ಹಿಂಗೆ?” ಎಂದರು.

“ಮಿಲಿಟರಿ ಪದ್ಧತಿ,” ಅಂದೆ. ಬೇರೇನೂ ತೋಚಲಿಲ್ಲ.

ಮಾರನೇ ದಿನದಿಂದ ಭಾಯ್ ಕೂಡ ಸ್ಕೂಟರ್ ಚಾಲೂ ಮಾಡಿ, ಅದರ ಮುಂದೆ ಕೈಕಟ್ಟಿ ನಿಂತು, ಆಫ್ ಮಾಡಿ, ಅಂಗಡಿಗೆ ನಡೆದುಕೊಂಡು ಹೋಗತೊಡಗಿದರು.

ಗುಂಡ್ಲುಪೇಟೆಯಲ್ಲಿ ಕದ್ದು ಪಾಠ

ನಮ್ಮೂರಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ಮಂಕಿ ಕ್ಯಾಪ್ ಹಾಕಿಕೊಂಡು ಬಸ್ ಹತ್ತಿ ಗುಂಡ್ಲುಪೇಟೆಗೆ ಹೋದೆ. ಕಲಿಸುವವನು ಪಕ್ಕದ ಸೀಟಿನಲ್ಲಿ, ಅವನ ಕಾಲ ಹತ್ತಿರವೂ ಒಂದು ಬ್ರೇಕು.

ಗಾಡಿ ಹೊರಟಿತು. ಮುಂದೆ ರಸ್ತೆ ತಿರುಗಿತು. ಅಲ್ಲೇ ಎದುರಿಗೆ ಒಂದು ಎಳನೀರಿನ ಗಾಡಿ. ಅಭ್ಯಾಸಬಲ, ನಾನು ಬೆನ್ನು ನೆಟ್ಟಗೆ ಮಾಡಿ ಗಟ್ಟಿಯಾಗಿ, “ಡ್ರೈವರ್, ಲೆಫ್ಟ್” ಎಂದೆ. ಸ್ಟೀರಿಂಗ್ ಮೇಲಿದ್ದ ನನ್ನ ಕೈ ಅಲ್ಲಾಡಲಿಲ್ಲ. “ಲೆಫ್ಟ್” ಎಂದು ಗದರಿದೆ. ಆಗಲೂ ನಮ್ಮ ಗಾಡಿ ನೇರವಾಗಿಯೇ ಹೋಗುತ್ತಿತ್ತು. ಕಲಿಸುವವನು ತನ್ನ ಬ್ರೇಕನ್ನು ಎರಡೂ ಕಾಲಲ್ಲಿ ಒತ್ತಿದ. ಎಳನೀರಿನವನು ಆಗಲೇ ಮಚ್ಚು ಹಿಡಿದು ರಸ್ತೆಯಾಚೆ ನಿಂತಿದ್ದ.

ಕಲಿಸುವವನು ಬೆವರು ಒರೆಸಿಕೊಂಡು ಹೇಳಿದ: “ಸಾರ್, ನೀವು ಯೋಳಿದ್ದು ಸರ್ಯಾಗೇ ಅದೆ. ಆದ್ರೆ ಯಾರ್ಗೆ ಯೋಳುದ್ರಿ?”

ಹರವೆಯ ಸನ್ಮಾನ

ಹೆಂಡತಿಯ ಊರಲ್ಲಿ ರೈತರೆಲ್ಲ ಸಂಘ ಕಟ್ಟಿಕೊಂಡು ಒಂದು ಹೊಸ ಟ್ರ್ಯಾಕ್ಟರ್ ತಂದರು. ಅದರ ಪೂಜೆಯ ದಿನವೇ ನನಗೂ ಸನ್ಮಾನ. ಶಾಲು, ಹಾರ ಎಲ್ಲ ಆಯಿತು. ಆಮೇಲೆ ಹೆಂಡತಿಯ ಚಿಕ್ಕಪ್ಪ, ಆ ಸಂಘದ ಅಧ್ಯಕ್ಷರು, ಮೈಕು ಹಿಡಿದು, “ಟ್ಯಾಂಕ್ ಓಡ್ಸಿದ ನಮ್ಮ ಅಳಿಯಂದ್ರೇ ಇದನ್ನ ಮೊದಲ್ನೇ ಸುತ್ತು ಓಡುಸ್ಲಿ” ಅಂದುಬಿಟ್ಟರು. ತಟ್ಟೆಯಲ್ಲಿ ಹೂವಿನ ಜೊತೆ ಕೀಲಿ ಬಂತು.

ನಾನು ಕೀಲಿ ಬಿಟ್ಟು ಹೂವನ್ನು ಮಾತ್ರ ತೆಗೆದುಕೊಂಡೆ. ಉರಿಯುವ ಟ್ಯಾಂಕಿಗೆ ಇಳಿದಾಗ ಹೀಗೆ ಹೆದರಿರಲಿಲ್ಲ, ದೇವರಾಣೆ. ಮುಂದಿನ ಸಾಲಿನಲ್ಲಿ ಮಾವನ ಕಡೆಯ ನೆಂಟರೆಲ್ಲ ಮೊಬೈಲ್ ಹಿಡಿದು ಕೂತಿದ್ದರು.

ಹೆಂಡತಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೀಲಿ ತೆಗೆದುಕೊಂಡಳು. “ಟ್ಯಾಂಕ್ನಾಗೆ ಕಮಾಂಡರ್ ಓಡ್ಸಲ್ಲ. ನಿಂತ್ಕಂಡು ಯೋಳ್ತಾರೆ. ಓಡ್ಸೋರು ಬೇರೆ ಇರ್ತಾರೆ. ನಾನು ಓಡುಸ್ತೀನಿ,” ಎಂದು ಹತ್ತಿ ಕೂತಳು.

ಗುಟ್ಟು ಹೊರಬಿತ್ತು, ಆದರೆ ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು. ನನಗೆ ಹೋದ ಜೀವ ಬಂತು. ಅವಳ ಹಿಂದೆ ಹತ್ತಿ, ಮಡ್ಗಾರ್ಡ್ ಹಿಡಿದು ಎದೆಯುಬ್ಬಿಸಿ ನಿಂತು, “ಡ್ರೈವರ್, ಮುಂದೆ” ಅಂದೆ. ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣು ಪಚಕ್ಕೆಂದಿತು. ಬಯಲಿನ ಕೊನೆಯಲ್ಲಿ, “ಡ್ರೈವರ್, ರೈಟ್” ಅಂದೆ. ಅವಳು ಲೆಫ್ಟಿಗೆ ತಿರುಗಿಸಿದಳು. ಬಲಗಡೆ ಹಳ್ಳವಿದ್ದದ್ದು ನನಗೆ ಆಮೇಲೆ ಕಾಣಿಸಿತು.

ಇಳಿದ ಮೇಲೆ ಚಿಕ್ಕಪ್ಪ ಕೇಳಿದರು: “ಅಲ್ಲ ಕಣಮ್ಮಿ, ಅಳಿಯಂದ್ರು ರೈಟು ಅಂದ್ರೆ ನೀನು ಲೆಫ್ಟಿಗೆ ತಿರುಗಿಸ್ಬುಟ್ಯಲ್ಲ?”

ಹೆಂಡತಿ ಕೀಲಿಯನ್ನು ತಟ್ಟೆಗೆ ಹಾಕಿ ಹೇಳಿದಳು: “ಅಷ್ಟ್ ವರ್ಸ ಗಡಿಯಿಂದ ಪೋನ್ನಾಗೆ ಇಂಗೇ ಯೋಳ್ತಿದ್ರು ಚಿಕ್ಕಪ್ಪ. ನಾನು ‘ಊಂ’ ಅನ್ಕಂಡು, ಮನೇನೂ ಇಂಗೇ ಓಡುಸ್ಕಂಡು ಬಂದೆ.”