ಗಾಳಿ ಅಳೆಯಲು ಹೋದ ಮೂರು ತಿಂಗಳು

ಕಣ್ಣಿಗೆ ಕಾಣದ್ದನ್ನು ಅಳೆಯುವ ಕೆಲಸ ಹಿಡಿದವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ತ್ರೀಜಿ ಇನ್ನೂ ಪರೀಕ್ಷೆಯಲ್ಲಿದ್ದ ಕಾಲ ಅದು. ಹೊಸ ನೆಟ್‌ವರ್ಕ್ ಹಳೆಯದಕ್ಕಿಂತ ಎಷ್ಟು ಚುರುಕು, ಫೋನಿನ ಬ್ಯಾಟರಿಯನ್ನು ಎಷ್ಟು ತಿನ್ನುತ್ತದೆ ಎಂದು ನಂಜನಗೂಡು, ಟಿ. ನರಸೀಪುರದ ಕಡೆ ಅಳೆದು ಬರೆದುಕೊಳ್ಳುವುದು ನನ್ನ ಕೆಲಸ. ಮೂರು ತಿಂಗಳ ಕಾಂಟ್ರಾಕ್ಟು. "ಅಳತೆ ಸರಿಯಾಗಿ ಮಾಡಿದ್ರೆ ಮುಂದುವರಿಸ್ತೀವಿ, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದು ಮೈಸೂರಿನ ನಮ್ಮ ಸಾಹೇಬರು ಮೊದಲೇ ಹೇಳಿದ್ದರು. ನನಗಾಗಷ್ಟೇ ಮದುವೆ ಗೊತ್ತಾಗಿತ್ತು, ಕೆಲಸ ಬೇಕೇ ಬೇಕಿತ್ತು.

೧. ತಾಂಡ್ಯದ ಪಕ್ಕದ ಹೊಲ

ಜೀಪಿನ ಮೇಲೆ ಆಂಟೆನಾ, ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪು. ನಂಜನಗೂಡಿನ ತಾಂಡ್ಯ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಹೊಲದ ಪಕ್ಕ ನಿಲ್ಲಿಸಿದ್ದೆ. ಫ್ಯಾಕ್ಟರಿಗೆ ಜಮೀನು ಹೋಗುತ್ತದೆಂಬ ಗುಮಾನಿ ಆ ಕಡೆ ಇದ್ದೇ ಇತ್ತು. ಹೊಲದ ಯಜಮಾನರು ಓಡಿ ಬಂದರು.

"ಏನ್ ಸಾ ಅಳೀತಿರೋದು? ಜಮೀನಾ?"

"ಇಲ್ಲ ಯಜಮಾನ್ರೇ, ಗಾಳೀಲಿ ಬರೋ ಸಿಗ್ನಲ್ಲು. ನಿಮ್ಮ ನೆಲ ಮುಟ್ಟಲ್ಲ."

ಅವರು ಆಂಟೆನಾ ನೋಡಿದರು, ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಗಾಳಿನೂ ನಮ್ ಒಲದ್ ಮ್ಯಾಲಿಂದೇ ಅಲ್ವಾ? ಅದ್ಕೆ ಪರಿಹಾರ ಎಷ್ಟು ಅಂತ ಬರ್ಕೊಂಡಿದ್ದೀರಾ?"

೨. ಇಡ್ಲಿ ಮುಗಿಯುವಷ್ಟರಲ್ಲಿ

ಟಿ. ನರಸೀಪುರದ ಹೋಟೆಲೊಂದರಲ್ಲಿ ಕೂತು, ಎರಡು ಫೋನಿಗೆ ಒಂದೇ ವಿಡಿಯೋ ಇಳಿಸಿ ಹೊತ್ತು ನೋಡುವುದಿತ್ತು. ಹೋಟೆಲಿನವರಿಗೆ ನನಗಿಂತ ಕುತೂಹಲ. ಹೊಸ ನೆಟ್‌ವರ್ಕಿನಲ್ಲಿ ಅವರು ನೀರಿನ ಲೋಟ ತಂದಿಡುವುದರೊಳಗೆ ವಿಡಿಯೋ ಬಂತು. ಹಳೆಯದರಲ್ಲಿ ಬರುವಷ್ಟರಲ್ಲಿ ನಾನು ಎರಡು ಇಡ್ಲಿ, ಒಂದು ವಡೆ ಮುಗಿಸಿ ಕಾಫಿಯನ್ನೂ ಕುಡಿದಿದ್ದೆ.

"ಹೇಗಿದೆ ಹೊಸದು?" ಎಂದೆ, ನಾನೇ ಕಂಡುಹಿಡಿದವನಂತೆ.

"ಬಲೇ ಚೆನ್ನಾಗದೆ ಸಾ. ನಮ್ ಬೀದಿಗೆ ಮಾತ್ರ ಹಳೇದೇ ಇರ್ಲಿ ಅಂತ ಬರ್ಕೊಳಿ."

೩. ಹೆಡತಲೆಯ ಅಜ್ಜಿ

ಬ್ಯಾಟರಿ ಪರೀಕ್ಷೆಗೆ ಹೆಡತಲೆ ಎಂಬ ಹಳ್ಳಿಯಲ್ಲಿ ಹಸು ಸಾಕಿದ್ದ ಅಜ್ಜಿಯೊಬ್ಬರ ಮನೆಯ ಕಿಟಕಿ ಸಿಕ್ಕಿತು. ಒಂದೇ ತರಹದ ಎರಡು ಫೋನು. ಒಂದು ಹಳೇ ನೆಟ್‌ವರ್ಕಿಗೆ, ಇನ್ನೊಂದು ಹೊಸದಕ್ಕೆ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿಟ್ಟು ಹೋಗುವುದು, ಸಂಜೆ ಬಂದು ಎಷ್ಟು ಗೆರೆ ಉಳಿದಿದೆ ನೋಡುವುದು. ಮೂರು ದಿನವೂ ಎರಡರಲ್ಲೂ ಸರಿಯಾಗಿ ಮೂರು ಮೂರು ಗೆರೆ! ವೇಗ ಹತ್ತು ಪಟ್ಟು, ಖರ್ಚು ಅಷ್ಟೇ. ಹಿಗ್ಗಿ ಹೀರೇಕಾಯಿಯಾಗಿ ವರದಿ ಕಳಿಸಿದೆ.

ನಾಲ್ಕನೆಯ ದಿನ ಸಾಹೇಬರೇ ಬಂದರು. "ಹೀಗಾಗೋಕೆ ಸಾಧ್ಯವೇ ಇಲ್ಲ, ಹೊಸದು ಬ್ಯಾಟರಿ ಜಾಸ್ತಿ ತಿನ್ನಲೇಬೇಕು" ಎಂದವರು, ಮಜ್ಜಿಗೆ ತಂದ ಅಜ್ಜಿಯನ್ನು ಕೇಳಿದರು, "ಅಜ್ಜಿ, ಈ ಫೋನನ್ನ ಯಾರಾದ್ರೂ ಮುಟ್ಟಿದ್ರಾ?"

"ನಾನೇ ಕಣಪ್ಪ" ಎಂದು ಅಜ್ಜಿ ಹೊಸ ನೆಟ್‌ವರ್ಕಿನ ಫೋನು ತೋರಿಸಿದರು. " ಸಂಜೆ ಕರೆಂಟ್ ಬಂದೇಟ್ಗೆ ಇದ್ನ ವಸಿ ಚಾರ್ಜಿಗ್ ಆಕ್ತಿದ್ದೆ. ಎರಡು ಕರ ಕಟ್ಟಿದ್ರೆ, ಸೊರಗಿದ್ದಕ್ಕೆ ವಸಿ ಉಲ್ಲು ಜಾಸ್ತಿ ಆಕ್ದೆ ಬುಟ್ಬುಡಕ್ಕಾಯ್ತದಾ? ಎರಡೂ ಒಂದೇ ಸಮ ಆದ್ಮೇಲೆ ಕಿತ್ತಿಡ್ತಿದ್ದೆ."

ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಸೊರಗಿದೆ ಅಂತ ಹೇಗೆ ಗೊತ್ತಾಯ್ತು?" ಎಂದರು ಸಾಹೇಬರು.

"ಗೆರೆ ನೋಡ್ತಿದ್ನಲ್ಲ! ಡೈರಿಗೆ ದಿನಾ ಆಲಾಕೋಳು ನಾನು, ಅಳತೆ ತಪ್ಪಾಕಿಲ್ಲ. ಕರೆಂಟ್ ಬರೋ ವೊತ್ಗೆ ಅದ್ರಲ್ಲಿ ಮೂರ್ ಗೆರೆ, ಇದ್ರಲ್ಲಿ ಒಂದೇ ಗೆರೆ. ಮೂರ್ ದಿನಾನೂ ಅಂಗೇ."

ಸಾಹೇಬರು ಪೆನ್ನು ತೆಗೆದು ಅದನ್ನು ಅಕ್ಷರಶಃ ಬರೆದುಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಇಷ್ಟು ದಿನದಲ್ಲಿ ನಿಜವಾದ ಅಳತೆ ಇದೊಂದೇ" ಎಂದರು. ಮತ್ತೆ ಅಜ್ಜಿಯ ಕಡೆ ತಿರುಗಿ, "ಈ ಕೆಲಸ ನೀವೇ ಮಾಡಿ ಅಜ್ಜಿ. ಫೋನು ಖಾಲಿಯಾಗೋವರೆಗೂ ಮುಟ್ಟದೆ ನೋಡ್ತಾ ಕೂತ್ರೆ ಸಾಕು" ಎಂದರು.

ಅಜ್ಜಿ ಕೆನ್ನೆ ಬಡಿದುಕೊಂಡರು. "ಅಯ್ಯೋ, ಉಪಾಸ ಕೆಡವಿ ನೋಡ್ತಾ ಕೂರೋದು ನನ್ ಕೈಲಾಗಕಿಲ್ಲ ಕಣಪ್ಪ. ಅದ್ಕೆ ಇವ್ನೇ ಸರಿ, ಕಲ್ಲೆದೆಯವ್ನು."

ಆ ಒಂದು ಶಿಫಾರಸಿನ ಮೇಲೆ ನನ್ನ ಕಾಂಟ್ರಾಕ್ಟು ಮುಂದುವರಿಯಿತು.