ಬಾವಿ ಹಾರಿದ ಚುಕ್ಕೆಗಳು

ನಗೋ ಕೆಲಸವೇ ಅಲ್ಲ ನಮ್ಮದು. ಆದರೂ ಆಗಾಗ ಯಾರಾದರೂ ಬಂದು ನಗಿಸಿಯೇ ತೀರುತ್ತಾರೆ. ನಕ್ಕ ಮೇಲೆ ಊಟ ಸೇರುವುದಿಲ್ಲ, ಅದು ಬೇರೆ ಮಾತು.

ರಾಮಕೃಷ್ಣನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಕಡಕೊಳದ ಕಡೆ ಒಂದು ಫ್ಯಾಕ್ಟರಿಯ ಟ್ಯಾಂಕ್ ಸೋರಿ ಕೆಮಿಕಲ್ ನೆಲಕ್ಕಿಳಿದಿದೆ. ಅದು ನೆಲದೊಳಗಿನ ನೀರಿನ ಜೊತೆ ಹರಿದು ಯಾವಾಗ ಹತ್ತಿರದ ಊರಬಾವಿ ಸೇರುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಾಡು. ಕಂಪ್ಯೂಟರು ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ದಾಟುತ್ತದೆ: ಈಗ ವಿಷ ಇಲ್ಲಿದೆ, ಒಂದು ಹೆಜ್ಜೆ ಆದಮೇಲೆ ಅಲ್ಲಿದೆ, ಹೀಗೆ. ಹೆಜ್ಜೆ ಚಿಕ್ಕದಿಟ್ಟರೆ ಲೆಕ್ಕ ಸರಿ, ಆದರೆ ಮುಗಿಯುವುದಿಲ್ಲ. ದೊಡ್ಡದಿಟ್ಟರೆ ಬೇಗ ಮುಗಿಯುತ್ತದೆ, ಲೆಕ್ಕ ಹಳ್ಳ ಹಿಡಿಯುತ್ತದೆ.

೧. ಒಂದು ಗೇಣು

ಮೊದಲು ಚಿಕ್ಕ ಹೆಜ್ಜೆಯನ್ನೇ ಇಟ್ಟೆ. ಸಂಜೆ ಮನೆಗೆ ಹೋದರೆ ಹೆಂಡತಿ ಕೇಳಿದಳು, "ಏನ್ರೀ, ನಿಮ್ಮ ಕೆಮಿಕಲ್ಲು ಬೆಳಗ್ಗೆಯಿಂದ ಎಲ್ಲಿಗೆ ಬಂತು?"

"ಒಂದು ಗೇಣು."

ಅವಳು ಕಿಟಕಿಯಿಂದ ಬೀದಿ ನೋಡಿದಳು. ಒಳಚರಂಡಿಗೆ ಅಂತ ಅಗೆದ ಗುಂಡಿ ದೀಪಾವಳಿಯಿಂದ ಅಲ್ಲಿ ಹಾಗೇ ಬಾಯಿ ಬಿಟ್ಟುಕೊಂಡು ಬಿದ್ದಿದೆ.

"ಇದಕ್ಕೂ ನಿಮ್ಮ ಕಂಪ್ಯೂಟರನ್ನೇ ಮೇಸ್ತ್ರಿ ಮಾಡಿದ್ದಾರಾ?" ಅಂದಳು.

೨. ಸೊನ್ನೆಗಿಂತ ಕಡಿಮೆ

ನಮ್ಮ ಬಾಸ್‌ಗೆ ತಾಳ್ಮೆ ಇಲ್ಲ. "ಹೆಜ್ಜೆ ದೊಡ್ಡದು ಮಾಡ್ರೀ, ನಾನು ರಿಟೈರ್ ಆಗೋದ್ರೊಳಗೆ ಮುಗೀಲಿ," ಅಂದರು. ಮಾಡಿದೆ. ಬಾವಿ ಇರುವ ಜಾಗದಲ್ಲಿ ಕೆಮಿಕಲ್ಲಿನ ಪ್ರಮಾಣ ಮೈನಸ್ ಅಂತ ಬಂತು. ಸೊನ್ನೆಗಿಂತ ಕಡಿಮೆ ವಿಷ! ದೊಡ್ಡ ಹೆಜ್ಜೆಯ ಎಡವಟ್ಟು ಅದು. ನಾನು ತಲೆ ಚಚ್ಚಿಕೊಳ್ಳುತ್ತಿರುವಾಗಲೇ ಫ್ಯಾಕ್ಟರಿ ಮ್ಯಾನೇಜರು ಬಂದರು. ಪರದೆ ನೋಡಿ ಮುಖ ಅರಳಿತು.

"ಮೈನಸ್ ಅಂದ್ರೆ ಮೊದಲಿಗಿಂತ ಶುದ್ಧ ಅಂತ ತಾನೆ?"

"ಅಲ್ಲ ಸಾರ್, ಲೆಕ್ಕ ಕೆಟ್ಟಿದೆ ಅಂತ."

"ಇರ್ಲಿ ಬಿಡ್ರೀ, ಒಂದು ಪ್ರಿಂಟ್ ಕೊಡಿ. ಫ್ರೇಮ್ ಹಾಕಿಸಿ ಗೇಟಲ್ಲಿ ತಗಲಾಕ್ತೀನಿ."

೩. ದೊಡ್ಡೋರು

ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದೆ. ಕೆಮಿಕಲ್ಲನ್ನು ಸಾವಿರಾರು ಕೆಂಪು ಚುಕ್ಕೆ ಮಾಡಿ, ನೀರು ಹರಿಯುವ ಕಡೆಗೆ ಓಡಿಸುವುದು. ಇದರಲ್ಲಿ ಮೈನಸ್ಸಿನ ಗೋಳಿಲ್ಲ. ಧೈರ್ಯವಾಗಿ ದೊಡ್ಡ ಹೆಜ್ಜೆ ಇಟ್ಟೆ. ಚುಕ್ಕೆಗಳು ಬಾವಿಯ ಈಚೆ ಇದ್ದವು, ಮುಂದಿನ ಹೆಜ್ಜೆಗೆ ಬಾವಿಯ ಆಚೆ! ಒಂದೂ ಒಳಗೆ ಬೀಳಲಿಲ್ಲ.

ಆಗ ಮಧ್ಯಾಹ್ನ. ಊಟದ ಆಂಟಿ ಕ್ಯಾರಿಯರ್ ತಂದಿದ್ದರು. ಮನೆಯಲ್ಲಿ ಅಡುಗೆ ಮಾಡಿ ನಮ್ಮಂಥ ಆಫೀಸುಗಳಿಗೆ ಕೊಡುವ ಕ್ರಿಶ್ಚಿಯನ್ ಹೆಂಗಸು. ಗಂಡ ಇಲ್ಲ, ಅದೇ ಜೀವನ. ಬಾಸು ಆಗಲೇ ಸಾರನ್ನ ಕಲಸಿ ಕೂತಿದ್ದರು. ಆಂಟಿ ಪರದೆಯ ಮೇಲಿನ ನಕ್ಷೆ ನೋಡುತ್ತಾ ನಿಂತುಬಿಟ್ಟರು.

"ಇದೇನ್ ಸಾರ್, ಈ ತಿರುವು, ಈ ಚರ್ಚು... ಇದು ನಮ್ಮ ಬಾವಿ ಅಲ್ವಾ?"

ಬಾಸ್ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಅಡುಗೆಗೆ ಯಾವ ನೀರು ಆಂಟಿ?"

"ಇನ್ಯಾವುದು? ಅದೇ! ಆ ನೀರಲ್ಲಿ ಬೇಳೆ ಬೆಣ್ಣೆ ಹಂಗೆ ಬೇಯ್ತದೆ. ಈ ಚುಕ್ಕೆಗಳೇನು?"

ಇದ್ದದ್ದು ಹೇಳಿದೆ. ಅವರು ಶಿಲುಬೆ ಗುರುತು ಹಾಕಿಕೊಂಡರು. "ಬಾವಿ ಹಾರ್ಕೊಂಡು ಹೋಯ್ತಲ್ಲ ಸಾರ್! ದೇವರು ದೊಡ್ಡೋನು."

"ಹಾರಿಸಿದ್ದು ದೇವರಲ್ಲ ಆಂಟಿ, ನಾನು. ಹೆಜ್ಜೆ ದೊಡ್ಡದಾಯ್ತು."

"ಹಂಗಾದ್ರೆ ನೀವೇ ದೊಡ್ಡೋರು. ಹಂಗೇ ಬುಟ್ಬುಡಿ."

೪. ಉಪವಾಸ

ಹಂಗೇ ಬಿಡಲಾಗುತ್ತದೆಯೇ? ಹೆಜ್ಜೆ ಚಿಕ್ಕದು ಮಾಡಿ ಮತ್ತೆ ಓಡಿಸಿದೆ. ಅದು ಕುಂಟತೊಡಗಿತು. ಬಾವಿಯ ನೀರನ್ನು ಲ್ಯಾಬಿಗೆ ಕೊಟ್ಟೆವು, ಅಲ್ಲಿಂದಲೂ ಸುದ್ದಿಯಿಲ್ಲ. ಆಂಟಿ ದಿನಾ ಕೇಳುವರು, "ಎಲ್ಲಿಗೆ ಬಂತು ಸಾರ್?" ಬಾವಿ ಕೆಟ್ಟಿದೆ ಅಂದರೆ ಅವರ ಒಲೆ ಆರುತ್ತದೆ. ಕೆಟ್ಟಿಲ್ಲ ಅನ್ನೋಣ ಅಂದರೆ ಅವರು ಕುಡಿಯುವುದೂ ಅದೇ ನೀರು.

"ಇನ್ನೂ ಏನೂ ಗೊತ್ತಾಗಿಲ್ಲ, ಗಾಬರಿ ಮಾಡ್ಕೋಬೇಡಿ," ಅಂತ ಬಾಸು ಧೈರ್ಯ ಹೇಳುವರು. ಹೇಳಿದವರಿಗೆ ಅವತ್ತೇ ಈಶ್ವರನ ಉಪವಾಸ. ಗುರುವಾರ ರಾಯರದು, ಶನಿವಾರ ಹನುಮಂತನದು. ಮಂಗಳವಾರಕ್ಕೆ ನನಗೆ ತಟ್ಟನೆ ಯಾವ ದೇವರೂ ಹೊಳೆಯಲಿಲ್ಲ, ಗ್ಯಾಸ್ಟ್ರಿಕ್ ಅಂದೆ. ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ವಾಪಸು ಹೋಗುತ್ತಿತ್ತು. ನಾಚಿಕೆಯಾಗುತ್ತಿತ್ತು, ಆದರೂ ತುತ್ತೆತ್ತಲು ಕೈ ಬರುತ್ತಿರಲಿಲ್ಲ.

ಒಂದು ದಿನ ಆಂಟಿ ಕ್ಯಾರಿಯರ್ ಎತ್ತಿ, ಭಾರ ನೋಡಿ, ಮತ್ತೆ ಕೆಳಗಿಟ್ಟರು. "ನಾವೂ ತಪಸ್ಸು ಕಾಲದಲ್ಲಿ ಉಪವಾಸ ಇರ್ತೀವಿ ಸಾರ್. ಆದ್ರೆ ಈಸ್ಟರ್ ಬಂದ್ರೆ ಮುಗೀತದೆ. ನಿಮ್ಮದು ಯಾವಾಗ ಮುಗೀತದೆ?"

ಬಾಸು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಆಂಟಿ ನನ್ನ ಕಡೆ ತಿರುಗಿದರು.

"ಕಂಪ್ಯೂಟರ್ ಎಲ್ಲಿಗೆ ಬಂತು?"

"ಇನ್ನೂ ಅರ್ಧ ದಾರಿ ಆಂಟಿ," ಅಂದೆ.

ಆಂಟಿ ಮುಚ್ಚಳ ತೆಗೆದು, ಯಾರೂ ಮುಟ್ಟದ ಅನ್ನ ನೋಡಿದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

"ಅದು ನಿಧಾನಕ್ಕೇ ಬರ್ಲಿ ಬುಡಿ ಸಾರ್. ನಿಮ್ಮ ಹೊಟ್ಟೆಗಳು ಆಗ್ಲೇ ರಿಪೋರ್ಟ್ ಕೊಟ್ಬುಟ್ವಲ್ಲ."