ಕಾವೇರಿಯಲ್ಲಿ ಷೇರಿಲ್ಲದ ನಮ್ಮ ಭಾವನವರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ತಲೆ ತುಂಬ ಕೂದಲು, ಬೆಣ್ಣೆಯಂಥ ಕೆನ್ನೆ, ಅತ್ತರೆ ಆಚೆ ಬೀದಿಗೂ ಕೇಳಬೇಕು, ಅಂಥ ಗಂಟಲು. ಇವತ್ತು ಹುಣಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಳು. ಸಿಕ್ಕಿದವರ ಬಾಯಿಗೆಲ್ಲ ಸಕ್ಕರೆ ಹಾಕಿದ್ದೇನೆ. ಎದುರುಮನೆಯ ಎಮ್ಮೆಗೂ ಒಂದು ಹಿಡಿ ನೆಕ್ಕಿಸಿದೆ. ಬೇಡ ಅನ್ನಲಿಲ್ಲ!

ಆದರೆ ಪಾಪ, ತಾನು ಎಂಥ ಮನೆಗೆ ಬಂದಿದ್ದೇನೆ ಅಂತ ಆ ಕೂಸಿಗೆ ಇನ್ನೂ ಗೊತ್ತಿಲ್ಲ. ನಮ್ಮ ಭಾವನವರು, ಅಂದರೆ ನನ್ನ ಯಜಮಾನರ ಅಣ್ಣ, ಇದೇ ಮನೆಯಲ್ಲಿದ್ದಾರೆ. ನಮ್ಮ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದ ಆಚೆ ಈಚೆ ಎಲ್ಲಿ ಹುಡುಕಿದರೂ ಇಂಥ ಇನ್ನೊಂದು ತಲೆ ಸಿಕ್ಕುವುದಿಲ್ಲ. ಹೆಸರು ಮಾತ್ರ ಕೇಳಬೇಡಿ. ಗಂಡನ ಅಣ್ಣನ ಹೆಸರು ಹೇಳಿದರೆ ನಾಲಗೆಯಲ್ಲಿ ಹುಣ್ಣಾಗುತ್ತದೆ ಅಂತ ನಮ್ಮತ್ತೆ ಹೆದರಿಸಿದ್ದರು. ಆ ಹೆದರಿಕೆ ಇನ್ನೂ ಇಳಿದಿಲ್ಲ.

ಹೆಸರಿರಲಿ, ನಾನು ಅವರೆದುರು ನಿಂತು ಮಾತೇ ಆಡಿದವಳಲ್ಲ! ಮದುವೆಯಾಗಿ ಬಂದಾಗಿನಿಂದ ಇದೇ ಪದ್ಧತಿ. ಮೊದಮೊದಲು ಅತ್ತೆ ನಡುವೆ ನಿಂತು ಮಾತು ದಾಟಿಸುತ್ತಿದ್ದರು. ಅತ್ತೆ ಹೋದ ಮೇಲೆ ಮಗಳು. ಮಗಳೂ ಗಂಡನ ಮನೆಗೆ ಹೋದ ಮೇಲೆ ಯಾರು ಹೇಳಿ? ಪಡಸಾಲೆಯ ಕಂಬ!

"ಕಂಬವೇ, ಮುದ್ದೆ ಆರೋಯ್ತದೆ, ಊಟಕ್ಕೆ ಏಳಕ್ಕೆ ಹೇಳು" ಅನ್ನುತ್ತೇನೆ ನಾನು.

"ಕಂಬವೇ, ಉಪ್ಪು ಜಾಸ್ತಿ ಆಗದೆ ಅಂತ ಯೋಳು" ಅನ್ನುತ್ತಾರೆ ಅವರು, ಅಡುಗೆಮನೆಗೆ ಬೆನ್ನು ಹಾಕಿ ಕೂತುಕೊಂಡು.

ನಿನ್ನ ಗಂಡ ಏನು ಮಾಡುತ್ತಿರುತ್ತಾರೆ ಅಂದಿರಾ? ಪಕ್ಕದಲ್ಲೇ ಕೂತು ಮುದ್ದೆ ನುಂಗುತ್ತಿರುತ್ತಾರೆ. ಅವರ ಕಿವಿಗೆ ಹೋದ ಮಾತು ಅಲ್ಲೇ ಉಳಿದುಬಿಡುತ್ತದೆ. ಅವರಿಗಿಂತ ಕಂಬವೇ ವಾಸಿ.

ಇನ್ನು ಷೇರಿನ ವಿಷಯ. ನಮ್ಮೂರಿನಲ್ಲಿ ನೀರಿನ ಸಂಘ ಅಂತ ಒಂದಿದೆ. ಹಿರೀಕರು ಸೇರಿ ಬಾವಿ ತೋಡಿ, ಟ್ಯಾಂಕು ಕಟ್ಟಿಸಿ, ಬೀದಿಬೀದಿಗೆ ಪೈಪು ಎಳೆಸಿದ್ದು. ಅವತ್ತು ಕೈ ಹಾಕಿದವರಿಗೆಲ್ಲ ತಲೆಗೊಂದು ಷೇರು. ಮಾವನವರದು ಭಾವನವರಿಗೆ ಬಂತು, ಅತ್ತೆಯದು ನನಗೆ. ನನ್ನ ಷೇರಿನ ಕಾಗದ ಅಕ್ಕಿ ಡಬ್ಬದ ಅಡಿಯಲ್ಲಿದೆ. ಭಾವನವರದು? ಕಟ್ಟು ಹಾಕಿಸಿ, ಗಾಜು ಕೂರಿಸಿ, ಮಾದಪ್ಪನ ಪಟದ ಪಕ್ಕದಲ್ಲಿ! ದಿನಾ ಬೆಳಗ್ಗೆ ಮಾದಪ್ಪನಿಗೆ ಒಂದು ಹೂವು, ಷೇರಿಗೆ ಎರಡು.

ಆ ಒಂದು ಷೇರು ಇಟ್ಟುಕೊಂಡು ಊರಿನ ನೀರೆಲ್ಲ ತನ್ನದೇ ಅನ್ನುವ ಹಾಗೆ ಓಡಾಡುತ್ತಾರೆ. ಯಾರಾದರೂ ಅಂಗಳಕ್ಕೆ ಎರಡು ಚೊಂಬು ಹೆಚ್ಚಿಗೆ ನೀರು ಚಿಮುಕಿಸಿದರೆ ಮುಗಿಯಿತು.

"ಏನವ್ವ, ನನ್ನ ಪಾಲೂ ಚೆಲ್ತಾ ಇದ್ದೀಯಲ್ಲ?"

ಪಕ್ಕದ ಮನೆಯವಳೇನು ಕಮ್ಮಿಯೇ? "ನಿಮ್ ಪಾಲು ಬಿಂದಿಗೇಲಿ ಅಂಗೇ ಐತೆ ಬುಡಿ ದೊಡ್ಡಪ್ಪ, ಚೆಲ್ಲಿದ್ದು ನನ್ ಪಾಲು!" ಅಂದಳು. ಭಾವನವರು ಬಿಂದಿಗೆಯೊಳಗೆ ಇಣುಕಿ ನೋಡಿಯೇ ಮುಂದಕ್ಕೆ ಹೋದರು.

ಬೇರೆ ಊರಿನ ನೀರು ಮುಟ್ಟುವುದಿಲ್ಲ. ಸಾಲಿಗ್ರಾಮದ ಕಡೆ, ಹೊಳೆದಂಡೆಯ ಊರಿನಲ್ಲಿ ನೆಂಟರ ಮದುವೆ. ಮುಯ್ಯಿ ಮರೆತರು, ನೀರಿನ ಕ್ಯಾನು ಮರೆಯಲಿಲ್ಲ! ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಛತ್ರದಲ್ಲಿ ಎಲೆಯ ಪಕ್ಕ ಕೂರಿಸಿಕೊಂಡು ಊಟ ಮಾಡಿದರು. ಹೆಣ್ಣಿನ ತಂದೆಗೆ ರೇಗಿತು.

"ಯಾಕ್ ಯಜಮಾನ್ರೇ, ಹಿತ್ತಲಲ್ಲೇ ಕಾವೇರಿ ಅರೀತಾವ್ಳೆ, ಅವ್ಳ ನೀರೂ ನಿಮಗೆ ಆಗಾಕಿಲ್ವಾ?"

"ತಪ್ಪು ತಿಳೀಬೇಡಿ ಬೀಗ್ರೇ" ಅಂದರು ನಮ್ಮ ಭಾವನವರು, "ಕಾವೇರೀಲಿ ನಂದು ಷೇರಿಲ್ಲ."

ಹೀಗಿರುವಾಗ ಪಟ್ಟಣದ ಒಂದು ಕಂಪನಿಯ ಕಣ್ಣು ನಮ್ಮ ನೀರಿನ ಮೇಲೆ ಬಿತ್ತು. ಎಲ್ಲರ ಷೇರನ್ನೂ ಒಳ್ಳೇ ಬೆಲೆಗೆ ತಗೋತಾರಂತೆ, ಹೊಸ ಪೈಪು ಹಾಕಿಸ್ತಾರಂತೆ, ಮನೆಮನೆಗೆ ಮೀಟರಂತೆ. ದನ ಕುಡಿಯುವ ತೊಟ್ಟಿ ಇರುವುದಿಲ್ಲವಂತೆ, ಬೀದಿ ನಲ್ಲಿಯೂ ಇರುವುದಿಲ್ಲವಂತೆ. ಮಗಳು ತುಂಬಿದ ಬಸುರಿ, ಬಾಣಂತನಕ್ಕೆ ಬಂದಿದ್ದಳು. ಬಾಣಂತಿಗೂ ಮಗುವಿಗೂ ಹಂಡೆ ಹಂಡೆ ನೀರು ಹುಯ್ಯಬೇಕು. ಮೀಟರು ನೋಡಿಕೊಂಡು ಹುಯ್ಯಲೇ?

ಊರಿನವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎಲ್ಲರದೂ ಒಂದೇ ಮಾತು: "ನಿಮ್ ಭಾವನವ್ರು ಏನಂತಾರೆ ಕೇಳಿ." ನನಗೆ ಧೈರ್ಯ ಬಂತು. ಷೇರಿಗೆ ಹೂ ಮುಡಿಸುವವರು ಅದನ್ನು ಮಾರುತ್ತಾರೆಯೇ?

ಮಾರುತ್ತಾರೆ! ಕಂಪನಿಯ ಸಾಹೇಬ ಜಗುಲಿಗೆ ಬಂದ, ಎರಡೂ ಕೈ ಜೋಡಿಸಿ "ನಮಸ್ಕಾರ ಷೇರುದಾರರೇ!" ಅಂದ. ಅಷ್ಟೇ. ಭಾವನವರು ಅಲ್ಲೇ ಕರಗಿ ನೀರಾದರು. ಇಷ್ಟು ವರ್ಷ ಊರೆಲ್ಲ 'ನೀರು ಹುಚ್ಚ' ಅಂತಿತ್ತೇ ಹೊರತು, ಷೇರುದಾರರೇ ಅಂತ ಒಂದು ನರಪಿಳ್ಳೆಯೂ ಕರೆದಿರಲಿಲ್ಲ.

ರಾತ್ರಿ ಊಟಕ್ಕೆ ಕೂತವರು, "ಕಂಬವೇ, ಕೊಟ್ಬುಡಾನ ಅಂತ ಯೋಳು" ಅಂದರು.

"ಕಂಬವೇ, ಕೊಟ್ರೆ ಬಾಣಂತಿ ನೀರಿಗೆ ಏನ್ ಮಾಡಾನ ಕೇಳು."

"ಕಂಬವೇ, ಎಂಗಸ್ರಿಗೆ ಷೇರಿನ ವ್ಯವಾರ ತಿಳಿಯಾಕಿಲ್ಲ ಅಂತ ಯೋಳು."

ಮಾರನೇ ದಿನದ ಸಾರಿಗೆ ಬೇಕೆಂದೇ ಉಪ್ಪು ಸುರಿದೆ. ಏನೂ ಅನ್ನದೆ ಉಂಡು ಎದ್ದರು. ಷೇರುದಾರರಿಗೆ ನಾಲಗೆಯ ಮೇಲೂ ನಿಗಾ ಇರಲಿಲ್ಲ!

ಇವತ್ತೇ ಸಭೆ. ಇವತ್ತೇ ಮಗಳು ಮಗುವಿನೊಡನೆ ಬರುವುದು. ನಮ್ಮ ಯಜಮಾನರು ಆಟೋ ಮಾಡಿಕೊಂಡು ಹುಣಸೂರಿಗೆ ಹೋದರು. ನಾನು ಹಂಡೆಗೆ ಉರಿ ಹಾಕಿ, ಸೆರಗು ಹೊದ್ದು ಸಭೆಗೆ ನಡೆದೆ. ಟ್ಯಾಂಕಿನ ನೆರಳಿನಲ್ಲಿ ಊರೇ ಕೂತಿತ್ತು. ಸಾಹೇಬನ ಪಕ್ಕದ ಕುರ್ಚಿಯಲ್ಲಿ ಭಾವನವರು, ಒಗೆದ ಪಂಚೆ, ಹೆಗಲ ಮೇಲೆ ಹೊಸ ಟವಲ್ಲು, ಥೇಟ್ ಮದುಮಗ.

"ಕೊಟ್ಬುಡಾನ ಕಣ್ರಪ್ಪ" ಅಂದರು. ಒಂದೊಂದಾಗಿ ಕೈಗಳು ಏಳತೊಡಗಿದವು.

ನನಗೆ ತಡೆಯಲಾಗಲಿಲ್ಲ. ಎದ್ದೆ. ಆದರೆ ಭಾವನವರ ಎದುರಿಗೆ ಹೇಗೆ ಮಾತಾಡಲಿ? ದೇವರು ದೊಡ್ಡವನು, ಟ್ಯಾಂಕಿಗೂ ಕಂಬಗಳಿವೆ! ಒಂದರ ಮರೆಗೆ ನಿಂತು ಕೂಗಿದೆ:

"ಕಂಬವೇ, ಮಾರಿದ್ ಮೇಲೂ ಭಾವನವ್ರು ಷೇರುದಾರ್ರೇ ಆಗಿರ್ತಾರಾ ಕೇಳು!"

ಹೆಂಗಸರು ಕಿಸಕ್ಕೆಂದರು. ಸಾಹೇಬ ಕಂಬದಲ್ಲಿ ಮೈಕು ಇದೆಯೇನೋ ಅಂತ ಮೇಲಕ್ಕೂ ಕೆಳಕ್ಕೂ ನೋಡಿದ.

"ಕಂಬವೇ, ಯಾಕಿರಾಕಿಲ್ಲ ಅಂತ ಯೋಳು!" ಭಾವನವರು ಗುಡುಗಿದರು. "ಹಾಲು ಮಾರಿದ್ರೆ ಅಸ ಒಂಟೋಯ್ತದಾ? ಷೇರು ಮಾರೋದೂ ಅಂಗೇಯ. ದುಡ್ಡು ಬತ್ತದೆ, ಸಂಘ ನಮ್ದೇ!"

ಅರ್ಧ ಊರು ಹೌದೌದು ಅಂತ ತಲೆಯಾಡಿಸಿತು. ಅಯ್ಯೋ ಶಿವನೇ! ಇವರೆಲ್ಲ ಅಂದುಕೊಂಡಿದ್ದೂ ಅದನ್ನೇ!

ಸಾಹೇಬ ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಹಾಗಲ್ಲ ಯಜಮಾನ್ರೇ, ಹಸುವೇ ನಮಗೆ ಬರುತ್ತೆ. ಆಮೇಲೆ ನೀವು ಷೇರುದಾರರಲ್ಲ, ನಮ್ಮ ಗ್ರಾಹಕರು."

"ಅಂಗಂದ್ರೆ?"

"ಗಿರಾಕಿ ಕಣ ದೊಡ್ಡಪ್ಪೋ!" ಅಂತ ಹಿಂದಿನಿಂದ ಪಕ್ಕದ ಮನೆಯವಳು.

ಭಾವನವರು ಎದ್ದು ನಿಂತರು. ಟವಲ್ಲು ಜಾರಿ ಬಿತ್ತು. "ಗಿರಾಕಿ! ನಮ್ಮಪ್ಪ ತೋಡಿದ ಬಾವಿಗೆ ನಾನು ಗಿರಾಕಿ!" ಅಂದರು. ಎತ್ತಿದ್ದ ಕೈಗಳೆಲ್ಲ ತಲೆ ಕೆರೆದುಕೊಳ್ಳುವ ನೆಪದಲ್ಲಿ ಮೆಲ್ಲಗೆ ಇಳಿದವು. ಕೊಡುವುದಿಲ್ಲ ಅನ್ನುವವರು ಕೈ ಎತ್ತಿ ಅಂತ ಯಾರೋ ಕೂಗಿದಾಗ ಸಾಹೇಬನ ಡ್ರೈವರೂ ಎತ್ತಿಬಿಟ್ಟ!

ಭಾವನವರು ಸಾಹೇಬನನ್ನು ಹಾಗೇ ಕಳಿಸಲಿಲ್ಲ. ಒಂದು ಚೊಂಬು ನೀರು ಕೊಟ್ಟರು. ಅವನು ಗಟಗಟ ಕುಡಿದು, "ಬಹಳ ಚೆನ್ನಾಗಿದೆ" ಅಂದ.

"ಅದ್ಕೇ ಮಾರಾಕಿಲ್ಲ ಸ್ವಾಮಿ."

ಅಷ್ಟರಲ್ಲಿ ಆಟೋ ಬಂತು. ಜನ ಕಂಡು ಅಲ್ಲೇ ನಿಂತಿತು. ಒಳಗೆ ನನ್ನ ಬಂಗಾರ ಕಿರುಚುತ್ತಿತ್ತು. ಭಾವನವರು ಹೋಗಿ ಬಗ್ಗಿ ನೋಡಿದರು. ಚೊಂಬಿನಲ್ಲಿ ಉಳಿದಿದ್ದ ನೀರಿಗೆ ಬೆರಳು ಅದ್ದಿ ಮಗುವಿನ ಪಾದಕ್ಕೆ ಒಂದು ಹನಿ ಸೋಕಿಸಿದರು.

"ನೀನು ಗಿರಾಕಿ ಅಲ್ಲ ಕಣವ್ವ" ಅಂದರು, ಯಾರಿಗೂ ಕೇಳಿಸದ ಹಾಗೆ. ನನಗೆ ಕೇಳಿಸಿತು.

ಸಂಜೆ ಒಬ್ಬಟ್ಟು ಮಾಡಿದೆ. ಎಲ್ಲರೂ ಒಟ್ಟಿಗೆ ಕೂತರು: ಯಜಮಾನರು, ಕೆಲಸ ಮುಗಿಸಿ ಓಡಿ ಬಂದ ಅಳಿಯ, ಕೋಣೆಯ ಬಾಗಿಲಲ್ಲಿ ಮೆಣಸಿನ ಸಾರು ಕಲಸಿಕೊಂಡ ಮಗಳು. ಷೇರಿನ ಪಟ ದೇವರ ಗೂಡಿನಿಂದ ಎದ್ದು ತೊಟ್ಟಿಲ ಪಕ್ಕದ ಮೊಳೆಗೆ ಬಂದಿತ್ತು. ಈಗ ಮೂರು ಹೂವೂ ಮಾದಪ್ಪನವೇ!

ಭಾವನವರು ಎಂದಿನಂತೆ ಬೆನ್ನು ಹಾಕಿ ಕೂತಿದ್ದರು. ನಾನು ತಟ್ಟೆ ಹಿಡಿದು ಎಂದಿನಂತೆ ಅಂದೆ: "ಕಂಬವೇ, ಇನ್ನೊಂದು ಒಬ್ಬಟ್ಟು ಹಾಕ್ಲಾ ಕೇಳು."

ಭಾವನವರು ಎಲೆಯನ್ನು ಮೆಲ್ಲಗೆ ಎಳೆದುಕೊಂಡು ಈ ಕಡೆಗೆ ತಿರುಗಿ ಕೂತರು. ಅವರ ಕಣ್ಣುಗಳು ಇಷ್ಟು ಸಣ್ಣವು ಅಂತ ನನಗೆ ಇವತ್ತೇ ಗೊತ್ತಾಗಿದ್ದು.

"ಆ ಕಂಬಕ್ಕೆ ವಯಸ್ಸಾಯ್ತು ಕಣವ್ವ" ಅಂದರು. "ಇನ್ಮ್ಯಾಲೆ ನನ್ನೇ ಕೇಳು."

ಯಜಮಾನರ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ನಾನು ಎರಡು ಒಬ್ಬಟ್ಟು ಹಾಕಿದೆ.

"ತುಪ್ಪ ಹಾಕ್ಲಾ, ಭಾವ?"

"ಹಾಕವ್ವ."

ಎಲ್ಲರೂ ಮತ್ತೆ ಊಟಕ್ಕೆ ಬಾಗಿದರು.